ಹೋದ ವರ್ಷ ಹಾಕಿಸಿದ್ದೆವಲ್ಲ, ಈ ವರ್ಷವೂ ಫ್ಲೂ ಶಾಟ್ ಬೇಕಾ?

ವಿದೇಶಕ್ಕೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರು ಪ್ರತಿ ವರ್ಷ ಇದನ್ನು ಕೇಳುತ್ತಾರೆ. ನೆಗಡಿಗೆಲ್ಲಾ ಸೂಜಿ ಯಾಕೆ ಅಂತ. ನಾನೂ ಮೊದಲ ಎರಡು ವರ್ಷ ಹಾಗೆಂದುಕೊಂಡೇ ಬಿಟ್ಟಿದ್ದೆ.

ಆಗ ಮಗಳಿಗೆ ನಾಲ್ಕು ವರ್ಷ. ಡೇಕೇರ್‌ನಿಂದ ಬಂದವಳು ಶೂ ಕೂಡ ಬಿಚ್ಚದೆ ಬಾಗಿಲ ಹತ್ತಿರವೇ ಮಲಗಿಬಿಟ್ಟಳು. ಹಣೆ ಮುಟ್ಟಿದರೆ ಕೆಂಡ. ಐದು ದಿನ ಹಾಗೇ. ಔಷಧಿ ಕುಡಿಸಿದರೆ ಸ್ವಲ್ಪ ಹೊತ್ತು ಜ್ವರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ರಾತ್ರಿಯಿಡೀ "ಅಮ್ಮಾ, ಕಾಲು ನೋವು" ಅಂತ ಅಳು. ಆರನೇ ದಿನ ನಾನೂ ಮಲಗಿದೆ. ಕೈಗೆ ಒದಗುವವರು ಹತ್ತಿರ ಯಾರೂ ಇಲ್ಲ. ನೆಗಡಿ ಬೇರೆ, ಫ್ಲೂ ಬೇರೆ ಅಂತ ಆ ವಾರ ಗೊತ್ತಾಯಿತು.

ಪ್ರತಿ ವರ್ಷ ಯಾಕೆ ಅಂದರೆ, ಫ್ಲೂ ವೈರಸ್ ಸುಮ್ನೆ ಇರುವುದಿಲ್ಲ, ರೂಪ ಬದಲಿಸುತ್ತಲೇ ಇರುತ್ತದೆ. ಲಸಿಕೆಯಿಂದ ಬಂದ ಶಕ್ತಿಯೂ ತಿಂಗಳುಗಳು ಕಳೆದಂತೆ ಕುಗ್ಗುತ್ತದೆ. ಮುಂದಿನ ಚಳಿಗಾಲದ ಲಸಿಕೆಗೆ ವೈರಸ್‌ನ ಯಾವ ತಳಿಗಳನ್ನು ಸೇರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ. ಉತ್ತರಾರ್ಧಗೋಳದವರಿಗೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಗೋಳದವರಿಗೆ ಸೆಪ್ಟೆಂಬರ್‌ನಲ್ಲಿ. ಲಸಿಕೆ ತಯಾರಾಗಲು ತಿಂಗಳುಗಟ್ಟಲೆ ಬೇಕು, ಅದಕ್ಕೇ ಅಷ್ಟು ಮುಂಚೆ. ಅಷ್ಟರಲ್ಲಿ ವೈರಸ್ ಬದಲಾಗಿ, ಕೆಲವು ವರ್ಷ ಲೆಕ್ಕ ತಪ್ಪುವುದೂ ಉಂಟು.

"ಹಾಕಿಸಿದರೂ ಬಂತಲ್ಲ" ಅನ್ನುವವರ ಮಾತು ಸುಳ್ಳಲ್ಲ. ಲಸಿಕೆ ಚೆನ್ನಾಗಿ ಹೊಂದಿಕೆಯಾದ ವರ್ಷದಲ್ಲೂ, ಡಾಕ್ಟರ್ ಹತ್ತಿರ ಹೋಗುವಂಥ ಫ್ಲೂ ಬರುವ ಸಾಧ್ಯತೆ ಸುಮಾರು 40ರಿಂದ 60 ಪರ್ಸೆಂಟ್ ಕಡಿಮೆಯಾಗುತ್ತದೆ, ಅಷ್ಟೇ. ಆದರೆ ಬಂದರೂ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವುದು ಕಡಿಮೆ. ಮಗಳ ಆ ಐದು ರಾತ್ರಿ ನೋಡಿದ ನನಗೆ ಇಷ್ಟು ಸಾಕು.

ಇನ್ನು, ಸೂಜಿಯಿಂದಲೇ ಫ್ಲೂ ಬರುತ್ತದೆ ಅನ್ನುವುದು ತಪ್ಪು. ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರುವುದಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಲಸಿಕೆ ಕೆಲಸ ಶುರುಮಾಡಲು ಸುಮಾರು ಎರಡು ವಾರ ಬೇಕು. ಆ ನಡುವೆ ಬೇರೆ ಕಡೆಯಿಂದ ಹತ್ತಿದರೆ ಸೂಜಿಯ ಮೇಲೆ ತಪ್ಪು ಹೊರಿಸುತ್ತೇವೆ. ಮಕ್ಕಳ ಮೂಗಿಗೆ ಹಾಕುವ ಸ್ಪ್ರೇ ಬೇರೆ, ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಗರ್ಭಿಣಿಯರಿಗೆ ಅದು ಬೇಡ, ಇಂಜೆಕ್ಷನ್ ಆಗುತ್ತದೆ.

ಜಾಸ್ತಿ ಜನ ಮರೆಯುವುದು ಎರಡನೇ ಡೋಸ್. ಆರು ತಿಂಗಳಿಂದ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ, ಹಲವು ದೇಶಗಳಲ್ಲಿ ಕನಿಷ್ಠ ನಾಲ್ಕು ವಾರ ಬಿಟ್ಟು ಎರಡು ಡೋಸ್ ಕೊಡುತ್ತಾರೆ. ನಿಮ್ಮಲ್ಲಿ ಹೇಗೆ ಅಂತ ಡಾಕ್ಟರನ್ನು ಕೇಳಿ. ಹಿಂದೆ ಯಾವುದಾದರೂ ಲಸಿಕೆಗೆ ಜೋರಾದ ಅಲರ್ಜಿ ಆಗಿದ್ದರೆ ಅದನ್ನೂ ಮೊದಲೇ ಹೇಳಿ.

ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆಯೇ ಇಲ್ಲ. ಅಮ್ಮ ಬಸುರಿನಲ್ಲಿ ಹಾಕಿಸಿಕೊಂಡರೆ ಹುಟ್ಟಿದ ಮಗುವಿಗೂ ಮೊದಲ ಕೆಲವು ತಿಂಗಳು ಸ್ವಲ್ಪ ರಕ್ಷಣೆ ಸಿಗುತ್ತದೆ. ಉಳಿದದ್ದು ಎತ್ತಿ ಆಡಿಸುವವರ ಕೈಯಲ್ಲಿದೆ. ಮಗು ನೋಡಿಕೊಳ್ಳಲು ಅಜ್ಜಿ ತಾತ ಬರುವವರಿದ್ದರೆ, ವಿಮಾನ ಹತ್ತುವ ಎರಡು ವಾರ ಮುಂಚೆಯೇ ಹಾಕಿಸಿಕೊಂಡು ಬರಲು ಹೇಳಿ. ಫ್ಲೂ ಬಂದರೆ ಆ ವಯಸ್ಸಿನಲ್ಲಿ ಅವರಿಗೂ ಅಪಾಯ ಜಾಸ್ತಿ ಅಲ್ವಾ.