‘ಮೋಡೆಮ್ ಹತ್ತವಲ್ದು’ ಅಂತ ಬರದ್ರ ನಡೀತೈತೇನ್ರಿ?

ಎಲ್ರಿಗೂ ನಮಸ್ಕಾರ್ರಿ. ಗಂಗಾವತಿಯಿಂದ ಬರ್ಯಾಕತ್ತೀನಿ, ಒಂದು ಶಬ್ದದ ತಕರಾರು ಐತಿ: ಮೋಡೆಮ್ ತೋರ್ಸೋ ‘ನೋ ಕ್ಯಾರಿಯರ್’ ಅನ್ನೋದಕ್ಕ ಕನ್ನಡದಾಗ ಏನನ್ಬೇಕು ಅಂತ.

ನಮ್ಮ ಅಕ್ಕನ ಮಗನ ಕಂಪ್ಯೂಟರಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡಿಸೋ ಸಾಫ್ಟ್‌ವೇರ್) ಹಾಕಿ, ಫೋನ್ ಲೈನಿನ ಮ್ಯಾಲ ಇಂಟರ್ನೆಟ್ ಕೊಡೋ ಮೋಡೆಮ್ ಜೋಡಿಸಿದ್ವಿ. ಒಳಗ ಇದ್ದದ್ದು ವಿನ್‌ಮೋಡೆಮ್, ಅದರ ಅರ್ಧ ಕೆಲ್ಸ ಡ್ರೈವರ್ ಸಾಫ್ಟ್‌ವೇರೇ ಮಾಡ್ಬೇಕು, ಆ ಡ್ರೈವರ್ ಬಂದದ್ದು ವಿಂಡೋಸಿಗಷ್ಟ, ಅದರ ಗೊಡವಿ ಬ್ಯಾಡಂತ ಹೊರಗ ಸೀರಿಯಲ್ ವೈರಿಂದು ಹಚ್ಚಿ ಡಬ್ಲ್ಯೂವಿಡಯಲ್ ಅನ್ನೋ ನಂಬರ್ ಹಚ್ಚೋ ಪ್ರೋಗ್ರಾಮಿನ್ಯಾಗ ಟಿಟಿವೈಎಸ್0 (ಲಿನಕ್ಸಿನ್ಯಾಗ ಮೊದಲ್ನೇ ಸೀರಿಯಲ್ ಪೋರ್ಟಿನ ಹೆಸರು) ಅಂತ ತೋರ್ಸಿ ನಡಿಸೀವಿ. ನಾನಿಲ್ಲದಾಗ ಅವಂಗ ಬೇಕಲ್ಲ ಅಂತ, ಮೋಡೆಮ್ ಯಾವ ಮಾತಂದ್ರ ಏನರ್ಥ ಅನ್ನೋದನ್ನ ಕನ್ನಡದಾಗ ಒಂದು ಹಾಳಿ ಬರ್ಯಾಕ ಕುಂತೆ. ಅಲ್ಲೇ ಸಿಕ್ಕೊಂಡೀನಿ.

ಬ್ಯುಸಿ ಅಂದ್ರ ‘ಎಂಗೇಜ್ ಬರ್ತೈತಿ’, ಮುಗೀತು. ನೋ ಡಯಲ್‌ಟೋನ್ ಅನ್ನೋದಕ್ಕ ಮೊದ್ಲು ‘ಟೋನ್ ಇಲ್ಲ’ ಅಂತ ಬರ್ದೆ. ಆದ್ರ ರಿಸೀವರ್ ಎತ್ತಿದ್ರ ನಮ್ಮ ಕಿವಿಗೆ ಟೋನ್ ಚಂದಂಗ ಕೇಳ್ತಿತ್ತು, ಮೋಡೆಮ್ಮಿಗೆ ಮಾತ್ರ ನಮ್ಮ ಎಕ್ಸ್‌ಚೇಂಜಿನ ಟೋನ್ ಗುರ್ತು ಹತ್ತಿರ್ಲಿಲ್ಲ. ಮೋಡೆಮ್ಮಿಗೆ ಎಟಿಎಕ್ಸ್3 ಅನ್ನೋ ಆದೇಶ ಕೊಟ್ಟ ಮ್ಯಾಲ ಟೋನ್ ಕಾಯೋದು ಬಿಟ್ಟು ಸೀದಾ ನಂಬರ್ ಹಚ್ಚಿತು. ಅದಕ್ಕ ‘ಟೋನ್ ಗುರ್ತು ಹತ್ತಲಿಲ್ಲ’ ಅಂತ ತಿದ್ದೀನಿ.

ಈಗ ನೋ ಕ್ಯಾರಿಯರ್. ನಮ್ಮ ಕಡೆ ಕ್ಯಾರಿಯರ್ ಅಂದ್ರ ಊಟದ ಡಬ್ಬಿ, ಇಲ್ಲಾ ಸೈಕಲ್ಲಿನ ಹಿಂದಿಂದು. ಹುಡುಗ ಓದಿದವನೇ ‘ಮಾಮಾ, ಊಟ ಬಂದಿಲ್ಲಂತ’ ಅಂದ. ‘ವಾಹಕ ಇಲ್ಲ’ ಅಂತ ಬರದ್ರ ವಿಜ್ಞಾನದ ಪುಸ್ತಕದಾಗ ತಾಮ್ರದ ತಂತಿಗೂ ವಾಹಕ ಅಂತಾರ, ಅವ ವೈರ್ ಹರದೈತಂತ ಹುಡುಕ್ತಾ ಕುಂದರ್ತಾನ. ಅಸಲಿಗೆ ಅದು ಆ ಕಡಿ ಮೋಡೆಮ್ಮಿನ ದನಿ, ಅದರ ಮ್ಯಾಲೇ ನಮ್ಮ ಡೇಟಾ ಸವಾರಿ ಮಾಡೋದು. ಆ ದನಿ ಸಿಗಲಿಲ್ಲ ಅಂದ್ರ ನೋ ಕ್ಯಾರಿಯರ್.

ಇದಕ್ಕ ನಮ್ಮ ಮನ್ಯಾಗಿನ ಮಾತು ‘ಹತ್ತವಲ್ದು’. ಫೋನ್ ಹಚ್ಚಿದೆ, ಹತ್ತವಲ್ದು ಅಂತೀವಲ್ಲ, ಹಂಗ. ದೀಪ ಹಚ್ಚಿದ್ರ ಹತ್ತತೈತಿ, ಗಿಡ ಹಚ್ಚಿದ್ರ ಹತ್ತತೈತಿ, ನಂಬರೂ ಅದೇ ಸಾಲಿನ್ಯಾಗ ಬರ್ತೈತಿ. ಡಯಲ್ ಮಾಡು ಅನ್ನೋದಕ್ಕ ‘ತಿರುವು’ ಅನ್ನೋರೂ ಅದಾರ, ಅದು ಬೆರಳಿಟ್ಟು ತಿರುವೋ ಹಳೇ ಫೋನಿನ ಮಾತು. ಎಟಿಡಿಪಿ ಅನ್ನೋ ಆದೇಶ ಕೊಟ್ರ ಮೋಡೆಮ್ಮೂ ಹಂಗ ಮಾಡ್ತೈತಿ, 5ಕ್ಕ ಲೈನ್ 5 ಸಲ ಕಡದು ಕೂಡಸ್ತೈತಿ, ಸೊನ್ನೆಗೆ ಹತ್ತು ಸಲ (ಈ ಹತ್ತು ಬ್ಯಾರೆ ಹತ್ತು ಮತ್ತ!). ಎಟಿಡಿಟಿ ಅಂದ್ರ ಟೋನ್ ಹಾಕಿ ನಂಬರ್ ಹಚ್ಚೋ ಆದೇಶ, ಅಲ್ಲಿ ತಿರುವೋದೇನೈತಿ? ಹಚ್ಚು ಅನ್ನೋದು ಎರಡಕ್ಕೂ ಹೊಂದ್ತೈತಿ. ಇನ್ನ ಮೋಡೆಮ್ ಕೀಂ ಕರ್ ಅಂತ ಒದರ್ತಿರ್ತೈತಲ್ಲ, ಆ ಹೊತ್ತಿಗೆ ‘ಹತ್ತಾಕ ಹತ್ತೈತಿ’ ಅಂತೀನಿ. ಓದಿ ನಗಬ್ಯಾಡ್ರಿ, ನಮ್ಮೂರಾಗ ಇದು ಸರಳ ಮಾತು.

ಮೈಸೂರು ಕಡಿ ಗೆಳೆಯಾಗ ತೋರಿಸಿದ್ರ ‘ಮೋಡೆಮ್ ಎಲ್ಲಿಗೆ ಹತ್ಬೇಕು, ಮಾಳಿಗೇಗಾ?’ ಅಂದ. ಅವ್ರ ಕಡೆ ‘ಲೈನ್ ಸಿಕ್ತಿಲ್ಲ’ ಅಂತಾರಂತ. ಸಿಗೋದು ಸರಿ, ಆದ್ರ ಸಿಕ್ಕದ್ದು ಅಂಟ್ಕೊಂಡು ಇರೋದು ಅದರಾಗ ಬರಂಗಿಲ್ಲ, ಹತ್ತು ಅನ್ನೋದ್ರಾಗ ಬರ್ತೈತಿ.

ನನ್ನ ನಿಜವಾದ ತೊಡಕು ಇದು: ಮೊದಲಿಗೇ ಹತ್ತದಿದ್ರೂ ನೋ ಕ್ಯಾರಿಯರ್, ಅರ್ಧ ತಾಸು ಛಲೋ ನಡದು ನಡುವ ಕಡದ್ರೂ ನೋ ಕ್ಯಾರಿಯರ್. ‘ಹತ್ತವಲ್ದು’ ಮೊದಲಿಂದಕ್ಕ ಸರಿ, ಎರಡನೇದಕ್ಕ ‘ಹತ್ತಿದ್ದು ಬಿಡ್ತು’ ಅನ್ಬೇಕಾಗ್ತೈತಿ. ಎರಡಕ್ಕೂ ಹೊಂದೋ ಒಂದೇ ಮಾತು ನಿಮ್ಮ ಕಡೆ ಐತೇನ್ರಿ? ರಾಯಚೂರು, ಬಳ್ಳಾರಿಯವ್ರು ಏನಂತೀರಿ? ಕರಾವಳಿಯವ್ರೂ ಹೇಳ್ರಿ. ಹಾಳಿ ಅಲ್ಲೇ ನಿಂತೈತಿ, ಹುಡುಗ ದಿನಾ ಕೇಳಾಕತ್ತಾನ.