ಪದಚರ್ಚೆ: ಕಾರಿನ "ಟೈಮಿಂಗ್ ಮುಂದೆ ಮಾಡು" ಅಂದರೆ ಬೇಗವೋ, ತಡವೋ?

ಗೆಳೆಯರೇ, ನಮಸ್ಕಾರ.

ಹಳೆಯ ಕಾರಿನ ರಿಪೇರಿಯಲ್ಲಿ ಎದ್ದ ಒಂದು ಪದದ ಪ್ರಶ್ನೆ ಇದು. ಗ್ಯಾರೇಜಿನ ಮಾತು ಬಲ್ಲವರೂ ವ್ಯಾಕರಣ ಬಲ್ಲವರೂ ಇಬ್ಬರೂ ಉತ್ತರಿಸಬೇಕು ಅಂತ ನನ್ನ ಆಸೆ.

"ಟೈಮಿಂಗ್ ಒಂಚೂರು ಮುಂದೆ ಮಾಡಿ" ಅಂತ ಯಾರಾದರೂ ಹೇಳಿದರೆ ನಿಮಗೆ ಏನು ಅರ್ಥವಾಗುತ್ತದೆ? ಪ್ಲಗ್ಗಿನಲ್ಲಿ ಕಿಡಿ ಈಗಿನದಕ್ಕಿಂತ ಬೇಗ ಬರಬೇಕು ಅಂತಲೋ, ತಡವಾಗಿ ಬರಬೇಕು ಅಂತಲೋ?

ಕೊಪ್ಪದ ಹತ್ತಿರ ಇರುವ ನನ್ನ ಚಿಕ್ಕಪ್ಪನ ಬಳಿ ಒಂದು ಮಾರ್ಕ್ 4 ಅಂಬಾಸಿಡರ್ ಇದೆ. 1489 ಸಿಸಿ ಪೆಟ್ರೋಲ್ ಎಂಜಿನ್, ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು) ಇರುವ ಹಳೇ ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್‌ಗಳಿಗೆ ಸರದಿಯಲ್ಲಿ ಕಿಡಿಯ ಕರೆಂಟ್ ಹಂಚುವ ಭಾಗ. ಅದಕ್ಕೆ ಏರಿನಲ್ಲಿ ಎಳೆತ ಇಲ್ಲ. ಎಂಜಿನ್ ಬೇಗ ಬಿಸಿಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟ್ ಪಟ್ ಸದ್ದು. ಗ್ಯಾರೇಜಿಗೆ ಹೋದಾಗಲೆಲ್ಲ "ಟೈಮಿಂಗ್ ಹೋಗಿದೆ" ಅಂತ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿ ಕೊಡುತ್ತಿದ್ದರು. ಕೆಲವು ವಾರ ಪರವಾಗಿಲ್ಲ, ಆಮೇಲೆ ಮತ್ತೆ ಅದೇ ಕಥೆ. ಕೊನೆಗೆ ಶಿವಮೊಗ್ಗದ ಒಬ್ಬ ಹಿರಿಯ ಮೆಕ್ಯಾನಿಕ್ ಫೋನಿನಲ್ಲೇ ಲಕ್ಷಣ ಕೇಳಿ, "ಒಂಚೂರು ಮುಂದೆ ಮಾಡಿ ನೋಡಿ" ಅಂದರು. ಚಿಕ್ಕಪ್ಪ ಅದನ್ನು "ತಡ ಮಾಡಿ" ಅಂತ ತಿಳಿದರು. ಅವರ ಮಗ "ಕಾರಿನ ಮುಂಭಾಗದ ಕಡೆಗೆ ತಿರುಗಿಸಿ" ಅಂತ ತಿಳಿದ. ಹೇಳಿದವರ ಮನಸ್ಸಿನಲ್ಲಿದ್ದದ್ದು "ಕಿಡಿ ಬೇಗ ಬರಲಿ" ಅಂತ. ಒಂದೇ ಮಾತಿಗೆ ಮೂರು ಅರ್ಥ. ಮೂವರದೂ ಒಳ್ಳೆಯ ಕನ್ನಡವೇ.

ಇದು ಬರೀ ಮಾತಿನ ಗೊಂದಲ ಅಂತ ಬಿಡುವ ಹಾಗಿಲ್ಲ. ಸಿಲಿಂಡರಿನ ಒಳಗೆ ಪೆಟ್ರೋಲ್ ಮತ್ತು ಗಾಳಿ ಒಂದೇ ಕ್ಷಣದಲ್ಲಿ ಉರಿದು ಮುಗಿಯುವುದಿಲ್ಲ, ಉರಿ ಹರಡಲು ಸ್ವಲ್ಪ ಸಮಯ ಬೇಕು. ಹಾಗಾಗಿ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಬೀಳಬೇಕು. ಎಷ್ಟು ಮೊದಲು ಅನ್ನುವುದನ್ನು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ದಂಡ) ತಿರುಗುವ ಡಿಗ್ರಿಯಲ್ಲಿ ಅಳೆಯುತ್ತಾರೆ. ನಿಮಿಷಕ್ಕೆ 800 ಸುತ್ತು ತಿರುಗುವ ಎಂಜಿನ್ ಒಂದು ಮಿಲಿಸೆಕೆಂಡಿನಲ್ಲಿ 5 ಡಿಗ್ರಿಯನ್ನೂ ದಾಟುವುದಿಲ್ಲ. 3000 ಸುತ್ತಿನಲ್ಲಿ ಅದೇ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಅದಕ್ಕೇ ವೇಗ ಏರಿದ ಹಾಗೆ ಕಿಡಿ ಇನ್ನಷ್ಟು ಮೊದಲೇ ಬರಬೇಕು. ಡಿಸ್ಟ್ರಿಬ್ಯೂಟರಿನ ಒಳಗಿರುವ ಎರಡು ಪುಟ್ಟ ತೂಕಗಳು ವೇಗಕ್ಕೆ ಹೊರಗೆ ಚಾಚಿಕೊಂಡು ಈ ಕೆಲಸ ಮಾಡುತ್ತವೆ.

ಕಿಡಿ ತೀರಾ ಬೇಗ ಬಂದರೆ ಏರಿನಲ್ಲಿ ಎಂಜಿನ್ ಒಳಗೆ ಕುಟ್ಟಿದ ಹಾಗೆ ಸದ್ದು ಬರುತ್ತದೆ. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವವರಿಗೆ ಅಪಾಯವೂ ಇದೆ: ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಉರಿ ಅದನ್ನು ಕೆಳಕ್ಕೆ ತಳ್ಳುತ್ತದೆ, ಹ್ಯಾಂಡಲ್ ತಿರುಗಿ ಹೊಡೆಯುತ್ತದೆ. ಮಣಿಕಟ್ಟು ಮುರಿಯುವಷ್ಟು ಬಲ ಅದಕ್ಕಿದೆ. ತಡವಾದರೆ ಎಳೆತ ಇಲ್ಲ, ಬಿಸಿ ಜಾಸ್ತಿ. ಅಂದಮೇಲೆ "ಮುಂದೆ" ಅನ್ನುವ ಪದ ಯಾವ ಕಡೆಗೆ ಅನ್ನುವುದು ಗೊತ್ತಿರಲೇಬೇಕು, ಅಲ್ವಾ?

ಈಗ ಪದಕ್ಕೆ ಬರೋಣ. "ಮದುವೆ ಮುಂದಕ್ಕೆ ಹೋಯಿತು" ಅಂದರೆ ತಡವಾಯಿತು. "ಪರೀಕ್ಷೆ ಮುಂದೂಡಿದ್ದಾರೆ", "ಇನ್ನು ಮುಂದೆ ಹೀಗೆ ಮಾಡಬೇಡ", ಎಲ್ಲದರಲ್ಲೂ ಮುಂದೆ ಅಂದರೆ ಆಮೇಲೆ. ಚಿಕ್ಕಪ್ಪ ತಿಳಿದದ್ದು ಈ ಅರ್ಥ. ಆದರೆ "ಗಡಿಯಾರ ಐದು ನಿಮಿಷ ಮುಂದಿದೆ" ಅಂದಾಗ ಅದು ಹೊತ್ತಿಗಿಂತ ಮೊದಲೇ ಗಂಟೆ ತೋರಿಸುತ್ತಿದೆ ಅಂತ ಅರ್ಥ. ಮೆಕ್ಯಾನಿಕ್ ಹೇಳಿದ್ದು ಹೀಗೆ. "ಹಿಂದೆ" ಪದಕ್ಕೂ ಇದೇ ಪಾಡು. "ಎರಡು ವರ್ಷದ ಹಿಂದೆ" ಅಂದರೆ ಮೊದಲು, "ಕೆಲಸ ಹಿಂದೆ ಬಿದ್ದಿದೆ" ಅಂದರೆ ತಡ.

ನನಗೆ ಕಾಣುವ ಕಾರಣ ಹೀಗಿದೆ. ನಾವೇ ದಾರಿಯಲ್ಲಿ ನಡೆಯುತ್ತಿದ್ದೇವೆ ಅಂದುಕೊಂಡರೆ ಮುಂದೆ ಇರುವುದು ಇನ್ನೂ ಬರಬೇಕಾದದ್ದು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೇವೆ ಅಂದುಕೊಂಡರೆ ಮುಂದೆ ಇರುವವರ ಸರದಿ ನಮಗಿಂತ ಮೊದಲು. ದಿನದ ಮಾತಿನಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕಿಡಿಯ ವಿಷಯದಲ್ಲಿ ಅಂಥ ಸಂದರ್ಭವೇ ಇಲ್ಲ, ಎರಡು ಅರ್ಥವೂ ಅಷ್ಟೇ ಸಲೀಸಾಗಿ ಕೂರುತ್ತವೆ. ಮೂರನೆಯ ಅರ್ಥ, ಅಂದರೆ ಜಾಗದ ಮುಂದೆ, ಬೇರೆ ಕಾಡುತ್ತದೆ. ಅಂಬಾಸಿಡರಿನಲ್ಲಿ ಮೇಲಿನಿಂದ ನೋಡಿದರೆ ರೋಟರ್ (ಡಿಸ್ಟ್ರಿಬ್ಯೂಟರಿನ ಒಳಗೆ ಸುತ್ತುವ ತುಂಡು) ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಕಿಡಿ ಬೇಗ ಬರಬೇಕಾದರೆ ಡಿಸ್ಟ್ರಿಬ್ಯೂಟರಿನ ಮೈಯನ್ನು ರೋಟರಿಗೆ ಎದುರಾಗಿ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ತಿರುಗಿಸಬೇಕು. ಕಾರಿನ ಮುಂಭಾಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

"ಬೇಗ" ಅಂತಲೇ ಹೇಳಿದರೆ ಸಾಲದೇ ಅಂತ ನೀವು ಕೇಳಬಹುದು. ಬಾಯಿಮಾತಿಗೆ ಸಾಕು. ಆದರೆ ಬೇಗ ಪದಕ್ಕೆ ಕನ್ನಡದಲ್ಲಿ ವೇಗ ಅನ್ನುವ ಅರ್ಥವೂ ಉಂಟು. "ಎಂಜಿನ್ ಬೇಗ ತಿರುಗಿದಾಗ ಕಿಡಿ ಬೇಗ ಬರಬೇಕು" ಅಂತ ಬರೆದು ನೋಡಿ. ಮೊದಲ ಬೇಗ ಒಂದು, ಎರಡನೆಯದು ಇನ್ನೊಂದು. ಹೊಸದಾಗಿ ಕಲಿಯುವ ಹುಡುಗನಿಗೆ ಇದು ತಲೆನೋವು. "ಮುಂಚೆ" ವಾಸಿ. "ಕಿಡಿ ಎರಡು ಡಿಗ್ರಿ ಮುಂಚೆ ಬರಲಿ" ಅಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. "ಎರಡು ಡಿಗ್ರಿ ತಡವಾಗಲಿ" ಅಂದರೂ ಅಷ್ಟೇ.

ಕೈಪಿಡಿಯಲ್ಲಿ, ಪಾಠದಲ್ಲಿ ಹೆಸರಾಗಿ ನಿಲ್ಲುವ ಪದವೂ ಬೇಕಲ್ಲ. ಗಮನಿಸಿ, ಮುಂದೆ ಅನ್ನುವುದು ಎರಡು ಕಡೆಗೆ ಎಳೆದರೂ "ಮುಂ" ಸೇರಿದ ಕಾಲದ ಹೆಸರುಗಳು ಬೇಗದ ಕಡೆಗೇ ನಿಲ್ಲುತ್ತವೆ. ಮುಂಜಾನೆ ದಿನದ ಮೊದಲು. ಮುಂಗಡ ಅಂದರೆ ಮೊದಲೇ ಕೊಡುವ ಹಣ. ಜೂನ್‌ನಲ್ಲಿ ಬರುವ ಮಳೆ ಮುಂಗಾರು, ಅಕ್ಟೋಬರ್ ಹೊತ್ತಿಗೆ ಬರುವುದು ಹಿಂಗಾರು. ಬೇಸಾಯ ಮಾಡುವ ಯಾರನ್ನು ಕೇಳಿದರೂ ಯಾವುದು ಮೊದಲು ಅಂತ ಹೇಳುತ್ತಾರೆ. ಹಾಗಾದರೆ ಬೇಗ ಬರುವ ಕಿಡಿ ಮುಂಗಿಡಿ, ತಡವಾಗಿ ಬರುವ ಕಿಡಿ ಹಿಂಗಿಡಿ ಆಗಬಾರದೇಕೆ? ಮುಂಗಾರಿನಲ್ಲಿ ಕಾರು (ಮಳೆಗಾಲ) ಗಾರಾದ ಹಾಗೆ ಕಿಡಿ ಗಿಡಿಯಾಗುವುದು ನಮ್ಮ ಸಂಧಿಗೆ ಒಪ್ಪುತ್ತದೆ. ನನಗೆ ಈ ಜೋಡಿ ತುಂಬಾ ಹಿಡಿಸಿದೆ. ಮುಂಗೈ, ಮುಂಗಾಲುಗಳಲ್ಲಿ "ಮುಂ" ಜಾಗವನ್ನು ಹೇಳುತ್ತದೆ ಅನ್ನುವ ಆಕ್ಷೇಪ ಬರಬಹುದು. ಕಿಡಿಗೆ ಮುಂಭಾಗ ಹಿಂಭಾಗ ಇಲ್ಲದ್ದರಿಂದ ಅಲ್ಲಿ ಗೊಂದಲ ಹುಟ್ಟುವುದಿಲ್ಲ ಅಂತ ನನ್ನ ಲೆಕ್ಕ.

ಇನ್ನೊಂದು ತೊಡಕು "ಟೈಮಿಂಗ್" ಪದದ್ದೇ. ಚಿಕ್ಕಪ್ಪನ ಕಾರಿನ ತೊಂದರೆ ಇಷ್ಟು ದಿನ ಎಳೆದಾಡಿದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ. ಗ್ಯಾರೇಜಿನಲ್ಲಿ ಕಿಡಿ ಬೀಳುವ ಹೊತ್ತಿಗೂ ಟೈಮಿಂಗ್ ಅನ್ನುತ್ತಾರೆ, ವಾಲ್ವ್ (ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಹಾಕುವ ಬಾಗಿಲು) ತೆರೆದು ಮುಚ್ಚುವ ಹೊತ್ತಿಗೂ ಟೈಮಿಂಗ್ ಅನ್ನುತ್ತಾರೆ. "ಟೈಮಿಂಗ್ ಹೋಗಿದೆ" ಅಂದರೆ ಯಾವುದು ಹೋಗಿದೆ?

ಚಿಕ್ಕಪ್ಪನ ಕಾರನ್ನು ಕೊನೆಗೆ ಪೂರ್ತಿ ಪರೀಕ್ಷಿಸಿದಾಗ ಮೊದಲು ಪಾಯಿಂಟ್ ನೋಡಿದರು. ಲ್ಯೂಕಾಸ್ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಗ್ಯಾಪ್ ಸುಮಾರು 0.35ರಿಂದ 0.40 ಮಿಲಿಮೀಟರ್ ಇರಬೇಕು. ಕ್ಯಾಮಿಗೆ ತಗಲುವ ಫೈಬರ್ ತುಂಡಿಗೆ ಗ್ರೀಸ್ ಇಲ್ಲದಿದ್ದರೆ ಅದು ಬೇಗ ಸವೆಯುತ್ತದೆ. ಸವೆದ ಹಾಗೆ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಸರಿ ಮಾಡಿಸಿದ ಕೆಲವೇ ವಾರಕ್ಕೆ ಕೆಡುತ್ತಿದ್ದದ್ದು ಇದರಿಂದ. ಅದನ್ನು ಸರಿ ಮಾಡಿದ ಮೇಲೆ ಒಂದನೇ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿಂಚುವ ದೀಪ) ಹಾಕಿ, ಕ್ರ್ಯಾಂಕಿನ ತುದಿಯ ಪುಲ್ಲಿಯ ಗುರುತು ನೋಡಿದರು. ಗುರುತು ಒಂದೇ ಕಡೆ ನಿಲ್ಲದೆ ಕುಣಿದರೆ ಡಿಸ್ಟ್ರಿಬ್ಯೂಟರಿನ ಶಾಫ್ಟ್ ಬುಷ್ ಸವೆದಿರುವ ಅನುಮಾನ ಬರುತ್ತದೆ. ರೇಸ್ ಕೊಟ್ಟಾಗ ಗುರುತು ಸರಿಯದೆ ಕೂತಲ್ಲೇ ಕೂತರೆ ಒಳಗಿನ ತೂಕಗಳು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಇವೆರಡೂ ಇಲ್ಲಿ ಇರಲಿಲ್ಲ. ಎಂಜಿನ್ನಿನ ಎಳೆತದಿಂದ ಕಿಡಿಯ ಹೊತ್ತು ಬದಲಿಸುವ ವ್ಯಾಕ್ಯೂಮ್ ಪೈಪನ್ನು ಬಾಯಿಂದ ಎಳೆದು ನೋಡಿದಾಗ ಒಳಗಿನ ಪ್ಲೇಟ್ ಅಲುಗಿ ಅಲ್ಲೇ ನಿಂತಿತು, ಅದೂ ಸರಿ.

ಕಿಡಿ ಸರಿಯಾದ ಹೊತ್ತಿಗೇ ಬೀಳುತ್ತಿದೆ, ಆದರೂ ಎಳೆತ ಇಲ್ಲ. ಆಗ ಹೊಳೆದದ್ದು ಎಂಜಿನ್ ಒಳಗಿನ ಟೈಮಿಂಗ್ ಚೈನ್. ಪ್ಲಗ್‌ಗಳನ್ನು ಬಿಚ್ಚಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ನಿಲ್ಲಿಸಿದರು. ಆಮೇಲೆ ಹಿಂದಕ್ಕೆ ತಳ್ಳಿದರು. ಪುಲ್ಲಿ ತಿರುಗಲು ಶುರುವಾದ ಎಷ್ಟೋ ಹೊತ್ತಿನ ಮೇಲೆ ರೋಟರ್ ಅಲುಗಿತು. ನಾಲ್ಕೈದು ಡಿಗ್ರಿ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಹತ್ತು ದಾಟಿದರೆ ಚೈನ್ ಬಿಚ್ಚಿ ನೋಡುವುದೇ ಸರಿ. ಈ ಕಾರಿನಲ್ಲಿ ಹತ್ತು ದಾಟಿತ್ತು.

ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ತಿರುಗಿಸುವುದು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್. ಕ್ಯಾಮ್ ಶಾಫ್ಟನ್ನು ಎಳೆಯುವುದು ಚೈನ್. ಚೈನ್ ಹಿಗ್ಗಿದರೆ ವಾಲ್ವೂ ತಡ, ಕಿಡಿಯೂ ತಡ. ಡಿಸ್ಟ್ರಿಬ್ಯೂಟರ್ ತಿರುಗಿಸಿದಾಗ ಕಿಡಿ ಮಾತ್ರ ಸರಿಹೋಗುತ್ತದೆ, ವಾಲ್ವ್ ತಡವಾಗಿಯೇ ಉಳಿಯುತ್ತದೆ. ಅಂದರೆ ಒಂದು ಟೈಮಿಂಗ್ ಸರಿ ಮಾಡಿದ್ದು ಇನ್ನೊಂದು ಟೈಮಿಂಗ್ ಕೆಟ್ಟಿದ್ದನ್ನು ಮುಚ್ಚಿತು. ಎರಡಕ್ಕೂ ಬೇರೆ ಬೇರೆ ಹೆಸರು ಬಾಯಲ್ಲಿ ಓಡಾಡುತ್ತಿದ್ದರೆ "ಯಾವ ಟೈಮಿಂಗ್?" ಅಂತ ಯಾರಾದರೂ ಮೊದಲೇ ಕೇಳುತ್ತಿದ್ದರು. ಹೊಸ ಚೈನ್ ಹಾಕಿದ ಮೇಲೆ ಕಾರು ಏರು ಹತ್ತುತ್ತಿದೆ.

ಕಿಡಿ ಟೈಮಿಂಗ್, ವಾಲ್ವ್ ಟೈಮಿಂಗ್ ಅಂತ ಹೇಳಿದರೆ ಸಾಕು ಅಂತ ನನ್ನ ಅಭಿಪ್ರಾಯ. ಟೈಮಿಂಗ್ ಪದವನ್ನು ಬಲವಂತವಾಗಿ ಕನ್ನಡ ಮಾಡಬೇಕಿಲ್ಲ, ಅದು ಎಲ್ಲರ ಬಾಯಲ್ಲೂ ಇದೆ.

ಇನ್ನು ನಿಮ್ಮ ಊರಿನ ಮಾತು ತಿಳಿಸಿ. ಹುಬ್ಬಳ್ಳಿ ಧಾರವಾಡದ ಕಡೆ ಮೆಕ್ಯಾನಿಕ್‌ಗಳು "ಟೈಮಿಂಗ್ ಮುಂದ ಮಾಡು" ಅಂದರೆ ಯಾವ ಅರ್ಥದಲ್ಲಿ ಹೇಳುತ್ತಾರೆ? ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ಅಡ್ವಾನ್ಸ್ (ಬೇಗ), ರಿಟಾರ್ಡ್ (ತಡ) ಅನ್ನುವ ಇಂಗ್ಲಿಷ್ ಪದ ಬಿಟ್ಟು ತುಳುವಿನದೋ ಕನ್ನಡದ್ದೋ ಬೇರೆ ಪದ ಓಡಾಡುತ್ತದೆಯೇ? ಐಟಿಐಯಲ್ಲಿ ಕನ್ನಡದಲ್ಲಿ ಪಾಠ ಮಾಡುವವರು ಯಾರಾದರೂ ಇದ್ದರೆ, ಬೋರ್ಡಿನ ಮೇಲೆ ಏನು ಬರೆಯುತ್ತೀರಿ ಅಂತ ಹೇಳಿ. ಸಂಧಿ ಬಲ್ಲವರು ಮುಂಗಿಡಿ, ಹಿಂಗಿಡಿ ಎರಡನ್ನೂ ಪರೀಕ್ಷಿಸಿ. "ಹಿಂಗಿಡಿ" ಕಿವಿಗೆ "ಹಿಂಗೆ ಇಡಿ" ಅಂತ ಕೇಳಿಸೀತೇ ಅನ್ನುವ ಒಂದು ಅಳುಕು ನನಗಿದೆ. ಹಾಗೆ ಕೇಳಿಸುವುದಾದರೆ ಅದರ ಬದಲು "ತಡಗಿಡಿ" ನಡೆಯುತ್ತದೆಯೇ?