ಚೈನೀಸ್ ಕಲಿಯೋಕೆ ದುಡ್ಡು ಕೊಟ್ಟು ಆಡಿಯೋ ಕೋರ್ಸ್ ತಗೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನದು ಎಲೆಕ್ಟ್ರಾನಿಕ್ ಬಿಡಿಭಾಗ ತರಿಸುವ ಕೆಲಸ. ಚೀನಾ ಸಪ್ಲೈಯರ್‌ಗಳ ಜೊತೆ ದಿನಾ ಇಂಗ್ಲಿಷ್‌ನಲ್ಲೇ ಏಗುತ್ತಿದ್ದೇನೆ. ಏಪ್ರಿಲ್‌ನಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ನಡೆಯುವ ಕ್ಯಾಂಟನ್ ವ್ಯಾಪಾರ ಮೇಳಕ್ಕೆ ಹೋಗುವುದಿದೆ, ಅಷ್ಟರಲ್ಲಿ ಸ್ವಲ್ಪವಾದರೂ ಮಾತಾಡಲು ಬರಬೇಕು. ಆಫೀಸಿಗೆ ಹೋಗುವಾಗ ಕಾರಲ್ಲಿ ಒಂದು ಗಂಟೆ ಸಿಗುತ್ತೆ. ಪಿಮ್ಸ್ಲರ್ ಥರದ ಕೋರ್ಸಿಗೆ ದುಡ್ಡು ಹಾಕಲಾ, ಯೂಟ್ಯೂಬೇ ಸಾಕಾ?

ಮೈಸೂರಿನಿಂದ:
ಹಾಕಿ ಸರ್, ಆದರೆ ತಿಂಗಳ ಲೆಕ್ಕದಲ್ಲಿ. ವರ್ಷದ ಪ್ಲಾನ್ ಬೇಡ. ಪಿಮ್ಸ್ಲರ್‌ನಲ್ಲಿ ಒಂದು ಪಾಠ ಅರ್ಧ ಗಂಟೆ, ಒಂದು ಹಂತಕ್ಕೆ 30 ಪಾಠ, ಮ್ಯಾಂಡರಿನ್‌ಗೆ (ನಾವು ಸಾಮಾನ್ಯವಾಗಿ ಚೈನೀಸ್ ಅನ್ನೋದು ಇದನ್ನೇ) 5 ಹಂತ. ಪೂರ್ತಿ ಮುಗಿಸಿದರೂ 75 ಗಂಟೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಚೈನೀಸ್ ಕಲಿಸಲು 2200 ಗಂಟೆ ಕ್ಲಾಸು ಬೇಕು ಅನ್ನುತ್ತೆ. ಜಾಹೀರಾತು ನೋಡಿ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ.

ಹಾಗಾದರೆ ದುಡ್ಡು ಯಾಕೆ ಕೊಡಬೇಕು? ಒಳ್ಳೆ ಕೋರ್ಸು ಪ್ರಶ್ನೆ ಕೇಳಿ ಸುಮ್ಮನಾಗುತ್ತೆ. ಆ ನಡುವೆ ನೀವು ಬಾಯಿಬಿಟ್ಟು ಉತ್ತರ ಹೇಳಬೇಕು, ಆಮೇಲೆ ಸರಿಯುತ್ತರ ಬರುತ್ತೆ. ಮೊನ್ನೆ ಕಲಿತದ್ದು ಇನ್ನೇನು ಮರೆತೇ ಹೋಯಿತು ಅನ್ನುವಾಗ ಮತ್ತೆ ಕೇಳ್ತಾರೆ. ಬಿಟ್ಟಿ ವಿಡಿಯೋಗಳಲ್ಲಿ ಇದು ಕಡಿಮೆ. ಅಲ್ಲಿ ಮೇಷ್ಟ್ರೇ ಮಾತಾಡ್ತಾ ಹೋಗ್ತಾರೆ, ನಾವು ತಲೆಯಾಡಿಸ್ತೀವಿ.

ಕಷ್ಟ ಇರುವುದು ಟೋನ್‌ನಲ್ಲಿ. ‘ಮಾಯ್’ ಅನ್ನುವುದನ್ನು ದನಿ ತಗ್ಗಿಸಿ ಎತ್ತಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಕುಕ್ಕಿದರೆ ಮಾರುವುದು. ವ್ಯಾಪಾರದಲ್ಲಿ ಎಡವಟ್ಟಾಗಲು ಇದೊಂದು ಸಾಲದಾ? ಕೇಳಿ ಕೇಳಿ ಕಿವಿ ಹದವಾಗುತ್ತೆ, ನಿಜ. ‘ನಿ ಹಾವ್’ ಅನ್ನುವಾಗ ‘ನಿ’ಯ ದನಿ ಮೇಲಕ್ಕೇರುತ್ತೆ, ನಿಯಮ ಗೊತ್ತಿಲ್ಲದಿದ್ದರೂ ಬಾಯಿಗೆ ಬಂದುಬಿಡುತ್ತೆ. ಆದರೆ ನೀವು ತಪ್ಪು ಹೇಳಿದರೆ ಕಾರಿನ ಸ್ಪೀಕರ್ ತಿದ್ದಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್‌ಲೈನ್ ಟ್ಯೂಟರ್ ಇಟ್ಟುಕೊಳ್ಳಿ. ವರ್ಷದ ಪ್ಲಾನ್‌ಗೆ ಹಾಕುವ ದುಡ್ಡು ಅಲ್ಲಿಗೆ ಹೋಗಲಿ.

ನಮಗೆ ಒಂದು ಅನುಕೂಲ ಇದೆ. ಈ ಕೋರ್ಸುಗಳು ಇಂಗ್ಲಿಷ್ ಬಲ್ಲವರಿಗೆ ಮಾಡಿದ್ದು. ಚೈನೀಸ್ ಉಚ್ಚಾರದಲ್ಲಿ ಅವರು ಕಷ್ಟಪಟ್ಟು ಕಲಿಯುವ ಒಂದು ವ್ಯತ್ಯಾಸ ನಮ್ಮ ಪ-ಫ, ತ-ಥ, ಕ-ಖ ಅಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ‘ಬಿ’ ಅಂತ ಬರೆದದ್ದನ್ನು ಚೀನಾದವರು ನಮ್ಮ ‘ಪ’ ಥರ ಹೇಳ್ತಾರೆ. (ಮಹಾಪ್ರಾಣ ನಾವೇ ಎಷ್ಟು ಸರಿ ಹೇಳ್ತೀವಿ ಅನ್ನೋದು ಬೇರೆ ಮಾತು!)

ಹುಬ್ಬಳ್ಳಿಯಿಂದ:
ರೊಕ್ಕ ದಂಡ ರೀ. ನಾನು ಆಟಿಕೆ ತರಲು ಚೀನಾದ ಯೀವು ಮಾರ್ಕೆಟ್‌ಗೆ ಹೋಗಿ ಬರುವವನು. ಅಂಗಡಿಯಾಕೆ ಕ್ಯಾಲ್ಕುಲೇಟರ್‌ನಲ್ಲಿ ರೇಟು ಒತ್ತಿ ಮುಂದೆ ಹಿಡೀತಾಳೆ, ನಾವು ಕಡಿಮೆ ಒತ್ತಿ ವಾಪಸ್ ಕೊಡ್ತೀವಿ. ಮಾತೇ ಬೇಡ. ಕಲಿಯೋದಾದರೆ ನಂಬರ್ ಕಲೀರಿ. ಅದರಲ್ಲೂ ದಕ್ಷಿಣದ ಕಡೆ ಬಹಳ ಜನ ‘ಷ’ವನ್ನು ‘ಸ’ ಅಂತಾರೆ; ನಾಲ್ಕು ಶುರುವಾಗೋದು ‘ಸ’ದಿಂದ, ಹತ್ತು ‘ಷ’ದಿಂದ, ಹಿಂಗಾಗಿ ಹೇಳಿದ್ದು ನಾಲ್ಕೋ ಹತ್ತೋ ತಿಳಿಯಲ್ಲ. ಕೋರ್ಸಿನ ಅಚ್ಚುಕಟ್ಟು ಉಚ್ಚಾರ ಅಲ್ಲಿ ಸಿಗಲ್ಲ.

ಕೈಸನ್ನೆ ಮೊದಲು ನೋಡಿಕೊಳ್ಳಿ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಹೆಬ್ಬೆರಳು, ತೋರುಬೆರಳು ಚಾಚಿದರೆ ಎಂಟು. ನಾವು ಅದನ್ನು ಎರಡು ಅಂದುಕೊಂಡು ಹೂಂ ಅಂದರೆ ಮುಗೀತು ಕಥೆ.

ಕ್ಯಾಲಿಫೋರ್ನಿಯಾದಿಂದ:
ಅಮೆರಿಕದಲ್ಲಿರುವ ಕನ್ನಡಿಗರು ದುಡ್ಡು ಕೊಡುವ ಮೊದಲು ಲೈಬ್ರರಿ ಕಾರ್ಡ್ ಮಾಡಿಸಿ. ಇಲ್ಲಿನ ಬಹಳಷ್ಟು ಸಾರ್ವಜನಿಕ ಲೈಬ್ರರಿಗಳಲ್ಲಿ ಪಿಮ್ಸ್ಲರ್ ಪುಕ್ಕಟೆ ಎರವಲು ಸಿಗುತ್ತೆ.

ಇನ್ನೊಂದು ಮಾತು. ಬರೀ ಕೇಳಿ ಕಲಿತರೆ ಅಕ್ಷರ ಬರಲ್ಲ. ನೂಡಲ್ಸ್ ಬೇಕು ಅಂತ ಕೇಳಲು ನನಗೆ ಬರುತ್ತೆ, ಮೆನು ಕೊಟ್ಟರೆ ಕಣ್ಣು ಕಣ್ಣು ಬಿಡ್ತೀನಿ. ಪ್ಲೆಕೋ ಅಂತ ನಿಘಂಟಿನ ಆ್ಯಪ್ ಇದೆ, ಮೂಲ ಆವೃತ್ತಿ ಉಚಿತ. ಗೊತ್ತಿಲ್ಲದ ಅಕ್ಷರವನ್ನು ಬೆರಳಲ್ಲಿ ಗೀಚಿದರೂ ಹುಡುಕಿಕೊಡುತ್ತೆ. ಹೊರಡುವ ಮೊದಲೇ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬಿಟ್ಟಿ ಸಿಗುವ ಮೊದಲ ಪಾಠ ಕೇಳಿದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಾನು ಜೋರಾಗಿ ಉತ್ತರ ಹೇಳುತ್ತಿದ್ದರೆ ಪಕ್ಕದ ಆಟೋದವರು ತಿರುಗಿ ತಿರುಗಿ ನೋಡುತ್ತಿದ್ದರು. ಒಂದು ತಿಂಗಳು ತಗೊಂಡು ನೋಡ್ತೀನಿ. ಹುಬ್ಬಳ್ಳಿ ಅಣ್ಣ, ಹತ್ತಕ್ಕೆ ಸನ್ನೆ ಹೇಗೆ?

ಹುಬ್ಬಳ್ಳಿಯಿಂದ:
ಎರಡು ತೋರುಬೆರಳನ್ನು ಅಡ್ಡಡ್ಡ ಇಡ್ತಾರೆ. ಕೆಲವರು ಸುಮ್ನೆ ಮುಷ್ಟಿ ಹಿಡೀತಾರೆ.

ಮೈಸೂರಿನಿಂದ:
ತಗೊಂಡ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ ಸರ್. ಇನ್ನೊಂದು ಆ್ಯಪ್‌ನವರು, ಹೆಸರು ಬೇಡ, ಟ್ರಯಲ್ ಮುಗಿದ ಮಾರನೇ ದಿನವೇ ನನ್ನ ಕಾರ್ಡ್‌ನಿಂದ ವರ್ಷದ ದುಡ್ಡು ಎಳೆದುಕೊಂಡರು. ವಾಪಸ್ ಬರಲೇ ಇಲ್ಲ.